ಬಿಗಿಯಬಾರದ ಮುಚ್ಚಳ

“ಎಷ್ಟೋ ದಿನಕ್ಕ ಬಂದೀರಿ, ಒಂದ್ ಮಾತಿಲ್ಲ. ಆ ಕ್ಯಾನ್ ತಬ್ಬಿಕೊಂಡು ಕುಂತೀರಲ್ರಿ,” ಎಂದ ದಿನಕರ, ಆಟೋದಲ್ಲಿ ಹತ್ತಿರ ಸರಿಯುತ್ತಾ.

ಪ್ರಫುಲ್ಲಾ ಓರೆಗಣ್ಣಲ್ಲಿ ನೋಡಿ ನಕ್ಕಳು. “ಇದು ಅಲುಗಾಡಬಾರದು. ನೀವು ಅಲುಗಾಡಿದ್ರೆ ಏನೂ ಚೆಲ್ಲಲ್ಲ.”

ಅವನು ಧಾರವಾಡದವನು, ವಿಜಯವಾಡದ ಹಳೇಪೇಟೆ ಒನ್ ಟೌನ್‌ನಲ್ಲಿ ಬ್ಯಾಂಕ್ ಆಫೀಸರ್. ಅವಳು ಮೈಸೂರಿನವಳು, ವಿಶಾಖಪಟ್ಟಣದಲ್ಲಿ ಭೌತವಿಜ್ಞಾನಿ. ಮದುವೆಯ ಮಾತನ್ನು ಇಬ್ಬರೂ ಇನ್ನೂ ಎತ್ತಿರಲಿಲ್ಲ. ರೇಡಿಯೋಗೂ ಬೆಳಕಿಗೂ ನಡುವೆ ಇರುವ, ಸುಲಭಕ್ಕೆ ಯಾರ ಕೈಗೂ ಸಿಗದ ಅಲೆಗಳನ್ನು ಸೆಮಿಕಂಡಕ್ಟರ್ ಹರಳಿನಲ್ಲಿ ಹಿಡಿಯುವುದು ಅವಳ ಹುಚ್ಚು. ಹರಳನ್ನು ತಣ್ಣಗಿಡಲು ದ್ರವ ಸಾರಜನಕ ಬೇಕು. ಅಲ್ಲಿನ ಗ್ಯಾಸ್ ಘಟಕ ಕೆಟ್ಟಿದ್ದರಿಂದ ವಿಜಯವಾಡದ ಪಕ್ಕದ ಕೊಂಡಪಲ್ಲಿಗೆ ಬಂದು ಆ ಕ್ಯಾನಿಗೆ ತುಂಬಿಸಿಕೊಂಡಿದ್ದಳು. ಬೆಂಗಳೂರಿನಿಂದ ಎರವಲು ತಂದ ಡಿಟೆಕ್ಟರನ್ನು ನಾಳೆಯೇ ಹಿಂದಿರುಗಿಸಬೇಕು. ಸಂಜೆಯ ರೈಲು ಹಿಡಿದು ಇವತ್ತು ರಾತ್ರಿಯೇ ಪ್ರಯೋಗ ಮುಗಿಸದಿದ್ದರೆ ಎರಡು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೇಹಣ್ಣು ತೊಳೆದ ಹಾಗೆ.

ರೈಲು ನಿಲ್ದಾಣದ ದಾರಿಯಲ್ಲಿ ಒನ್ ಟೌನ್ ಹೊಕ್ಕಾಗ ಅಂಗಡಿಗಳು ಉರಿಯುತ್ತಿದ್ದವು. ಬೆಳಿಗ್ಗೆ ಯಾರದೋ ಕೊಲೆಯಾಗಿತ್ತಂತೆ. ಕಲ್ಲೊಂದು ಆಟೋದ ಗಾಜು ಒಡೆಯಿತು, ಡ್ರೈವರ್ ಇಳಿದು ಓಡಿದ. ಸೈಕಲ್ ಚೈನು, ಕಬ್ಬಿಣದ ರಾಡು ಹಿಡಿದವರು ಸುತ್ತುವರಿದರು. ಕ್ಯಾನಿನ ಬಾಯಿಂದ ಬಿಳಿ ಹೊಗೆ ಏಳುತ್ತಿತ್ತು.

“ಬಾಂಬುರಾ!” ಒಬ್ಬ ಕೂಗಿದ.

“ಮುಚ್ಚಳ ಬಿಗಿ ಮಾಡ್ರಿ!” ಎಂದ ದಿನಕರ.

“ಬಿಗಿ ಮಾಡಿದ್ರೆ ಒಳಗಿನ ಅನಿಲ ಉಬ್ಬಿ ನಿಜವಾಗ್ಲೂ ಸಿಡಿಯುತ್ತೆ!”

ದಿನಕರ ಕೈಮುಗಿದು ಕೆಳಗಿಳಿದ. ಹರಕು ತೆಲುಗಿನಲ್ಲಿ ಬಾಂಬಲ್ಲವೆಂದು ಬೇಡಿಕೊಂಡ. ರಾಡು ಅವನ ಹಣೆಗೆ ಬಿತ್ತು. ಕುಸಿದವನ ಬೆನ್ನ ಮೇಲೆ ಚೈನಿನ ಏಟು ಬಿತ್ತು. ರಾಡು ಮತ್ತೆ ಮೇಲೆದ್ದಿತು.

ಪ್ರಫುಲ್ಲಾ ಏನೂ ಯೋಚಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಂದು ಉಸಿರಿನಷ್ಟು ಹೊತ್ತು ಆ ಹರಳು ಕಣ್ಣೆದುರು ಬಂತು. ಆಮೇಲೆ ಇಡೀ ಕ್ಯಾನನ್ನು ಅವರ ಕಾಲಿಗೆ ಸುರಿದಳು. ಬೀದಿಯೆಲ್ಲ ಬಿಳಿ ಮೋಡ. ರಾಡು ಹಿಡಿದವನು ಪಾದಕ್ಕೆ ಬೆಂಕಿ ಬಿದ್ದಂತೆ ಅರಚುತ್ತ ಉರುಳಿದ. ಉಳಿದವರು ಇನ್ನೇನು ಸಿಡಿಯುತ್ತದೆಂದು ದಿಕ್ಕಾಪಾಲಾದರು.

ದಿನಕರನನ್ನು ಎಳೆದುಕೊಂಡೇ ಪಕ್ಕದಲ್ಲೇ ಇದ್ದ ಅವನ ಬ್ಯಾಂಕಿನೊಳಗೆ ನುಗ್ಗಿ ಷಟರ್ ಇಳಿಸಿದಳು. ಸೆರಗು ಹರಿದು ಅವನ ತಲೆಗೆ ಕಟ್ಟಿದಳು. ರಕ್ತ ಬೇಗ ನಿಲ್ಲಲಿಲ್ಲ.

“ನನ್ನ ಸಲುವಾಗಿ ಎರಡು ವರ್ಷ ಚೆಲ್ಲಿಬಿಟ್ರಲ್ರೀ.”

“ಹೌದು. ತುಂಬಾ ಸಿಟ್ಟಿದೆ. ಆ ರೌಡಿಗಳ ಮೇಲೂ, ಕೈಮುಗಿದು ಇಳಿದ ನಿಮ್ಮ ಮೇಲೂ.” ಅವಳು ಬಿಕ್ಕಿ ಬಿಕ್ಕಿ ಅತ್ತಳು.

“ನಾ ಈಗ ಏನ್ ಮಾಡ್ಲಿ, ಹೇಳ್ರಿ.”

“ಜೀವ ಇರೋವರೆಗೂ ಬೈಸ್ಕೋಬೇಕು. ಇಷ್ಟು ದೂರದಿಂದ ಬೈಯೋಕೆ ನನ್ನ ಕೈಲಾಗಲ್ಲ. ವಿಶಾಖಪಟ್ಟಣಕ್ಕೆ ಟ್ರಾನ್ಸ್‌ಫರ್ ಕೇಳಿ.”

ಹೊರಗೆ ಷಟರಿಗೆ ಮತ್ತೆ ಕಲ್ಲು ಬೀಳತೊಡಗಿತು.

“ಹೆಡ್ ಆಫೀಸಿನವರು ಕಾರಣ ಕೇಳ್ತಾರ್ರಿ. ಏನಂತ ಬರೀಲಿ?”

“ಹೆಂಡತಿ ಅಲ್ಲಿದ್ದಾಳೆ ಅಂತ ಬರೀರಿ.”