ಎತ್ತಿದ ಕೈ

ಕಣ್ಣಾಸ್ಪತ್ರೆಯವರು ಕಳಿಸಿದ್ದ ವರದಿಯನ್ನು ಹುಡುಕುತ್ತ ಮೊಬೈಲಿನಲ್ಲಿ ಮೇಲ್‌ಗಳನ್ನು ಒಂದೊಂದಾಗಿ ಸರಿಸುತ್ತಿದ್ದ ದರ್ಜಿ ಮಾಸ್ತರನಿಗೆ ವರದಿಗಿಂತ ಮೊದಲು ಇನ್ನೊಂದು ಸಿಕ್ಕಿತು. ‘ಸ್ವಾಗತ! ನಿಮ್ಮ ಮಾರಾಟದ ಖಾತೆ ಸಿದ್ಧವಾಗಿದೆ.’ ಬಂದು ಮೂರು ವಾರವಾಗಿತ್ತು. ಮಾಸ್ತರ ಜೀವಮಾನದಲ್ಲಿ ಅಂಥ ಖಾತೆ ತೆರೆದವನಲ್ಲ. ಆ ಇಮೇಲ್ ವಿಳಾಸವನ್ನೂ ಅವನಾಗಿ ಮಾಡಿಕೊಂಡಿರಲಿಲ್ಲ; ಆಸ್ಪತ್ರೆಯವರು ಕೇಳಿದರೆಂದು ಹೆಂಡತಿಯ ತಮ್ಮ ಪುಟ್ಟ ಮಾಡಿಕೊಟ್ಟಿದ್ದ. ಯಾರದೋ ಕಿತಾಪತಿ ಇರಬೇಕೆಂದು ಅಳಿಸಲು ಹೊರಟ. ಆದರೆ ಅಂಗಡಿಯಲ್ಲಿ ಬೇರೆ ಕೆಲಸವೂ ಇರಲಿಲ್ಲ. ‘ಒಳಗೆ ಹೋಗಲು ಇಲ್ಲಿ ಒತ್ತಿ’ ಎಂದಿತ್ತು, ಒತ್ತಿದ.

ಮೊದಲು ಕಂಡದ್ದು ಪುಟ್ಟನ ಮುಖ. ಮಾಸ್ತರನೇ ಕತ್ತರಿಸಿದ ಬೂದು ಕೋಟು ತೊಟ್ಟು, ಸೊಂಟದ ಮೇಲೊಂದು ಕೈಯಿಟ್ಟು, ಮದುಮಗನ ಹಾಗೆ ಹಲ್ಲುಕಿರಿದು ನಿಂತಿದ್ದ. ಮೇಲೆ ಖಾತೆಯ ಹೆಸರು: ‘ಎತ್ತಿದ ಕೈ’. ಕೆಳಗೆ ಎರಡು ಸಾಲು: ‘ಕೋಟಿನ ನಮೂನೆಗಳು. ಮೂವತ್ತು ವರ್ಷದ ಅನುಭವ, ಪ್ರತಿಯೊಂದೂ ನನ್ನ ಕೈಯಾರೆ ಕತ್ತರಿಸಿದ್ದು.’ ಅದರ ಕೆಳಗೆ, ಅಂಗಡಿಯ ಹಿಂಗೋಡೆಯ ಮೊಳೆಗಳಲ್ಲಿ ನೇತಾಡುವ ಏಳು ಜೊತೆ ಕಂದು ಕಾಗದದ ನಮೂನೆಗಳನ್ನು ಮೇಜಿನ ಮೇಲೆ ಹಾಸಿ ತೆಗೆದ ಚಿತ್ರಗಳು.

ದರ್ಜಿಯ ಅಂಗಡಿಯಲ್ಲಿ ಬಟ್ಟೆ ಗಿರಾಕಿಯದು, ದಾರ ಕಂಪನಿಯದು. ಬಟ್ಟೆಯ ಮೇಲಿಟ್ಟು ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆಯುವ ಕಾಗದದ ನಮೂನೆಯೊಂದೇ ದರ್ಜಿಯದು. ಆ ಏಳು ಜೊತೆಗಳನ್ನು ಮಾಸ್ತರ ಮೂವತ್ತು ವರ್ಷ ತಿದ್ದಿದ್ದ. ಯಾರದೋ ಗೂನು, ಯಾರದೋ ಇಳಿದ ಭುಜ, ಒಂದೊಂದರಿಂದಲೂ ಒಂದು ಕೂದಲೆಳೆಯಷ್ಟು ಕಲಿತು ತಿದ್ದಿದ್ದು. “ಕೋಟು ಅಂದ್ರೆ ಮಾಸ್ತರ್ದು ಎತ್ತಿದ ಕೈ” ಎಂದು ಬೀದಿಯೆಲ್ಲ ಹೇಳುತ್ತಿದ್ದ ಕಾಲವೊಂದಿತ್ತು. ಈಗ ಎಲ್ಲರೂ ರೆಡಿಮೇಡ್ ತೊಡುತ್ತಾರೆ. ಅಂಗಡಿಗೆ ಬರುವುದು ಉದ್ದವಾದ ಪ್ಯಾಂಟು ಮತ್ತು ಕಿತ್ತುಹೋದ ಜಿಪ್ಪು. ಉಳಿದಿದ್ದದ್ದು ಆ ಹೆಸರು, ಅದನ್ನೂ ಭಾವಮೈದ ಎತ್ತಿಕೊಂಡು ಹೋಗಿದ್ದ.

ಒಂಬತ್ತು ವರ್ಷದವನಿದ್ದಾಗ ಅಕ್ಕನ ಸೆರಗು ಹಿಡಿದು ಬಂದಿದ್ದ ಪುಟ್ಟನಿಗೆ ಈಗ ಮೂವತ್ತನಾಲ್ಕು. ಮಕ್ಕಳಿಲ್ಲದ ಮನೆಯಲ್ಲಿ ಅವನೇ ಮಗ. ಸೂಜಿಗೆ ದಾರ ಪೋಣಿಸುವುದರಿಂದ ಹಿಡಿದು ಕಾಲರು ಕೂರಿಸುವವರೆಗೆ ಮಾಸ್ತರ ಕೈಹಿಡಿದು ಕಲಿಸಿದ್ದ. ಮೂವತ್ತು ವರ್ಷದ ಅನುಭವವಂತೆ! ಹಾಗಾದರೆ ಈ ಮಹಾನುಭಾವ ನಾಲ್ಕನೇ ವಯಸ್ಸಿಗೇ ಕತ್ತರಿ ಹಿಡಿದನೇನು? ವಿದ್ಯೆಯನ್ನಷ್ಟೇ ಅಲ್ಲ, ನನ್ನ ವಯಸ್ಸನ್ನೂ ಕದ್ದಿದ್ದಾನೆ ಎಂದುಕೊಂಡ ಮಾಸ್ತರ. ಅಳು ಬಂತು, ಬಂದದ್ದಕ್ಕೆ ನಾಚಿಕೆಯಾಯಿತು.

ಖಾತೆಯಲ್ಲಿ ಸಂದೇಶಗಳೂ ಇದ್ದವು. ಸಮವಸ್ತ್ರ ತಯಾರಿಸುವ ಕಂಪನಿಯೊಂದರ ಮೇಡಂ ಬರೆದಿದ್ದಳು: ‘ಮಾಸ್ತರ್, ನಿಮ್ಮ ನಮೂನೆ ನಮಗೆಲ್ಲ ಹಿಡಿಸಿದೆ. ಟ್ರಾಫಿಕ್ ಪೊಲೀಸರಿಗೆ ಎರಡು ಸಾವಿರ ಕೋಟು ಮಾಡಬೇಕು. ಏಳೂ ಅಳತೆಯ ನಮೂನೆಗಳನ್ನು ಸೋಮವಾರ ತಲುಪಿಸಿ.’ ಪುಟ್ಟನ ಉತ್ತರ: ‘ಖಂಡಿತ. ಅಂಗಡಿಗೆ ಮಾತ್ರ ಫೋನ್ ಮಾಡಬೇಡಿ.’ ನಿನ್ನೆ ಮೊನ್ನೆಯವರೆಗೆ ಗುಂಡಿ ಹಚ್ಚುತ್ತಿದ್ದವನು ಈಗ ಮಾಸ್ತರ್ ಅನ್ನಿಸಿಕೊಳ್ಳುತ್ತಿದ್ದ.

ಖಾತೆಗೆ ಪುಟ್ಟ ನನ್ನ ಮೇಲ್ ವಿಳಾಸವನ್ನೇ ಯಾಕೆ ಕೊಟ್ಟ ಎಂದು ಮಾಸ್ತರ ಯೋಚಿಸಿದ. ಉತ್ತರ ಸುಲಭವಿತ್ತು. ಮುದುಕ ಮೇಲ್ ತೆರೆದು ನೋಡುವುದಿಲ್ಲ, ಸಿಕ್ಕಿಬಿದ್ದರೆ ಮುದುಕನದೇ ಎನ್ನಬಹುದು. ಪಾಪ, ಮುದುಕನಿಗೆ ಕಣ್ಣಿನ ವರದಿ ಬರುವುದಿತ್ತೆಂದು ಅವನಿಗೆ ಮರೆತೇಹೋಗಿತ್ತು.

ಅಂದು ಸಂಜೆ ಹೆಂಡತಿಯನ್ನು ಸುಮ್ಮನೆ ಕೆಣಕಿ ನೋಡಿದ. “ನಿನ್ನ ತಮ್ಮ ಯಾವಾಗ್ಲೂ ಮೊಬೈಲಲ್ಲಿ ಏನು ಮಾಡ್ತಾನೆ?”

“ಏನೋ ಆಟ ಆಡ್ತಾನೆ ಬಿಡಿ,” ಎಂದಳು, ಪಾತ್ರೆಯಿಂದ ಕಣ್ಣೆತ್ತದೆ.

ಮರುದಿನ ಬೆಳಿಗ್ಗೆ ಸ್ನಾನದ ಮನೆಯಿಂದ ಹೊರಬರುವಾಗ ಅಡುಗೆಮನೆಯ ಪಿಸುಮಾತು ಕಿವಿಗೆ ಬಿತ್ತು. “ಕೆಲಸ ಮುಗಿಯೋವರೆಗೂ ಭಾವಂಗೆ ಗೊತ್ತಾಗ್ಬಾರ್ದು ಅಕ್ಕ.” “ನಾನು ಹೇಳಲ್ಲ ಕಣೋ.” ಒದ್ದೆ ಟವಲು ಹೆಗಲ ಮೇಲಿದ್ದಂತೆಯೇ ಮಾಸ್ತರ ಗೋಡೆಗೊರಗಿ ನಿಂತ. ತಮ್ಮ ಕೈಕೊಟ್ಟದ್ದನ್ನಾದರೂ ತಡೆದುಕೊಳ್ಳಬಹುದಿತ್ತು. ಅಕ್ಕನೂ ಸೇರಿದ್ದಾಳೆಂಬುದು ಅವನಿಗೆ ನುಂಗಲಾಗದ ತುತ್ತಾಯಿತು.

ಪುಟ್ಟನ ಕೆನ್ನೆಗೆ ಬಾರಿಸುವುದು ಅರ್ಧ ನಿಮಿಷದ ಕೆಲಸ. ಆಮೇಲೆ ಅವನು ಅಳುತ್ತಾನೆ, ಇವಳು ಅಡ್ಡ ಬರುತ್ತಾಳೆ, ಕೊನೆಗೆ ತಪ್ಪೆಲ್ಲ ತನ್ನ ತಲೆಗೇ ಬರುತ್ತದೆ. ನಮೂನೆಗಳನ್ನು ಬಚ್ಚಿಟ್ಟರೆ ಕಳ್ಳ ಎಚ್ಚರಗೊಳ್ಳುತ್ತಾನೆ. ಸುಡುವ ಮಾತಂತೂ ಇಲ್ಲ. ಕದ್ದ ಮಾಲು ಕದ್ದವನ ಕೈಯಲ್ಲೇ ಹಾಳಾಗಬೇಕು, ತಾನು ಅದರ ಹತ್ತಿರವೂ ಸುಳಿದಿರಬಾರದು. ಪ್ಯಾಂಟಿನ ಕಾಲು ಗಿಡ್ಡ ಮಾಡುತ್ತಾ ಕೂತವನಿಗೆ ದಾರಿ ತಾನಾಗಿ ಹೊಳೆಯಿತು.

ಕಂಕುಳು ಅಗಲವಿದ್ದಷ್ಟೂ ಕೈಗೆ ಸಲೀಸು ಎಂದು ಗಿರಾಕಿಗಳು ತಿಳಿದಿರುತ್ತಾರೆ. ಅದು ಪೂರಾ ತಪ್ಪು. ಕೋಟಿನ ಕಂಕುಳು ಮೇಲಿದ್ದರೆ ಕೈ ಹಗುರಾಗಿ ಏಳುತ್ತದೆ. ಕೆಳಗಿಳಿದರೆ ಕೈಯ ಜೊತೆ ಕೋಟೂ ಎದ್ದು ಬರುತ್ತದೆ, ಅರ್ಧಕ್ಕೇ ಕೈಯನ್ನು ಹಿಡಿದು ನಿಲ್ಲಿಸುತ್ತದೆ. ಇದನ್ನು ಕಲಿಯಲು ಮಾಸ್ತರನಿಗೆ ಆರು ವರ್ಷ ಹಿಡಿದಿತ್ತು. ಪುಟ್ಟನಿಗೆ ಇದೊಂದನ್ನು ಹೇಳಿಕೊಟ್ಟಿರಲಿಲ್ಲ. ಎಲ್ಲವನ್ನೂ ಹೇಳಿಕೊಟ್ಟುಬಿಟ್ಟರೆ ಆಮೇಲೆ ಮಾಸ್ತರನನ್ನು ಕೇಳುವವರು ಯಾರು? ಕಂಕುಳಿನ ಸುತ್ತನ್ನು ಒಂದೂವರೆ ಇಂಚು ಕೆಳಗಿಳಿಸಿ, ತೋಳಿನ ಕಾಗದದಲ್ಲೂ ಅದಕ್ಕೆ ಹೊಂದುವಷ್ಟು ತೆಗೆದರೆ ಹೊಲಿಗೆಗೆ ಹೊಲಿಗೆ ಕೂಡುತ್ತದೆ. ಕೈ ಕೆಳಗೆ ಬಿಟ್ಟು ನಿಂತವನ ಮೈಮೇಲೆ ಯಾವ ಕನ್ನಡಿಯೂ ತಪ್ಪು ಹಿಡಿಯಲಾರದು. ಮತ್ತೆ ಟ್ರಾಫಿಕ್ ಪೊಲೀಸನಿಗೆ ದಿನವಿಡೀ ಇರುವ ಕೆಲಸವೇ ಕೈ ಎತ್ತುವುದು! ದೂರು ಕೊಡಲು ಯಾರೂ ಠಾಣೆಗೆ ಹೋಗಬೇಕಾಗಿಯೂ ಇರಲಿಲ್ಲ, ತೊಡುವವರೇ ಠಾಣೆಯವರು. ಬಹಳ ದಿನಗಳ ಮೇಲೆ ಮಾಸ್ತರ ಒಬ್ಬನೇ ನಕ್ಕ.

ಪುಟ್ಟ ಮಧ್ಯಾಹ್ನ ಒಂದಕ್ಕೆ ಊಟಕ್ಕೆ ಹೋದರೆ ಎರಡಕ್ಕೆ ಬರುತ್ತಿದ್ದ. ಶುಕ್ರವಾರ ಮೂರು ಜೊತೆ, ಶನಿವಾರ ನಾಲ್ಕು. ಕತ್ತರಿ ಕೈಯಲ್ಲಿದ್ದಾಗ ಮಾಸ್ತರನ ಉಸಿರು ಸಹ ಅಳತೆಯಲ್ಲಿರುತ್ತಿತ್ತು. ಆದರೂ ಮೊದಲ ಕಾಗದಕ್ಕೆ ಕತ್ತರಿಯಿಟ್ಟಾಗ ಸ್ವಂತ ಮೈಗೇ ಇಟ್ಟ ಹಾಗಾಗಿ ಹಿಂದೆ ತೆಗೆದ. ಪುಟ್ಟನ ಹಲ್ಲುಕಿರಿದ ಮುಖವನ್ನು ನೆನೆಸಿಕೊಂಡ, ಮತ್ತೆ ಇಟ್ಟ. ಕತ್ತರಿಸಿದ ಅಂಚು ಹೊಸದಾಗಿ ಬಿಳಿಚಿಕೊಂಡು ಕಾಣದಂತೆ ಲೋಟದ ತಳದಲ್ಲಿ ಉಳಿದ ಟೀಯನ್ನು ಬೆರಳಿನಿಂದ ಸವರಿದ. ಉಗುರು ಕತ್ತರಿಸಿದಂಥ ಚೂರುಗಳನ್ನು ಜೇಬಿಗೆ ಹಾಕಿಕೊಂಡು, ಮನೆಗೆ ಹೋಗುವಾಗ ಚರಂಡಿಗೆ ಉದುರಿಸಿದ. ಓದಿದ ಮೇಲ್‌ಗಳನ್ನು ಮತ್ತೆ ‘ಓದಿಲ್ಲ’ ಎಂದು ತೋರಿಸುವುದು ಹೇಗೆಂದು ಪಕ್ಕದ ಮೊಬೈಲ್ ರಿಪೇರಿಯವನನ್ನು ಕೇಳಿ ಕಲಿತ. ಅಸಲು ಅಳತೆಗಳೇನೋ ಅವನ ತಲೆಯಲ್ಲೇ ಇದ್ದವು. ಎಲ್ಲ ಮುಗಿದ ಮೇಲೆ ಹೊಸ ಕಾಗದಕ್ಕೆ ಇಳಿಸಿಕೊಳ್ಳಬಹುದಿತ್ತು.

ಸೋಮವಾರ ಪುಟ್ಟ, “ಭಾವ, ನಮೂನೆಗೆಲ್ಲ ಧೂಳು ಹಿಡಿದಿದೆ, ಮನೆಗೆ ಒಯ್ದು ಒರೆಸ್ಕೊಂಡು ಬರ್ತೀನಿ” ಎಂದ. ಸುಳ್ಳು ಹೇಳುವಾಗ ಅವನ ಕಿವಿ ಕೆಂಪಾಗುವುದು ಒಂಬತ್ತನೇ ವಯಸ್ಸಿನಿಂದಲೂ ಹಾಗೇ ಇತ್ತು.

“ಆಗ್ಲಪ್ಪ, ನಿಧಾನಕ್ಕೆ ತಗೊಂಡ್ಬಾ,” ಎಂದ ಮಾಸ್ತರ, ಮೆಷಿನ್ನಿಗೆ ಎಣ್ಣೆ ಬಿಡುತ್ತಾ. ಸಂಜೆ ನಮೂನೆಗಳು ವಾಪಸು ಬಂದು ಮೊಳೆಗೆ ನೇತುಬಿದ್ದವು. ಕಂಪನಿಯವರು ಪಡಿಯಚ್ಚು ತೆಗೆದುಕೊಂಡಿದ್ದರು.

ಬುಧವಾರ ಯೋಜನೆ ಇನ್ನೇನು ಮುಗ್ಗರಿಸುವುದರಲ್ಲಿತ್ತು. ‘ಖಾತೆದಾರರ ಒಪ್ಪಿಗೆ ಬಾಕಿ ಇದೆ. ಒಪ್ಪಿಗೆ ಸಿಗದೆ ಕಂಪನಿ ಬಟ್ಟೆ ಕತ್ತರಿಸುವಂತಿಲ್ಲ’ ಎಂದು ಮೇಲ್ ಬಂತು. ಕೆಳಗೆ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಎರಡು ಪುಟ, ಅದರ ತುದಿಗೆ ‘ಒಪ್ಪಿದ್ದೇನೆ’ ಎಂಬ ಹಸಿರು ಗುಂಡಿ. ಆ ಅಕ್ಷರಗಳನ್ನು ಓದಲು ಮಾಸ್ತರನ ಕಣ್ಣಿಗೆ ತ್ರಾಣವಿರಲಿಲ್ಲ, ಓದುವ ದರ್ದೂ ಇರಲಿಲ್ಲ. ಮೇಲ್ ತೆರೆಯುವುದು ಈ ಮೊಬೈಲಿನಲ್ಲಷ್ಟೇ, ಪುಟ್ಟ ಇದನ್ನು ಕದ್ದು ಒತ್ತಬೇಕು. ಹೆದರಿ ಹಿಂದೆ ಸರಿದರೆ? ಅವನ ಕುತ್ತಿಗೆಗೆ ಹಗ್ಗ ಬೀಳಲು ಒಂದು ಗುಂಡಿಯಷ್ಟೇ ಬಾಕಿಯಿದ್ದರೆ ಒತ್ತಲು ತನ್ನ ಹೆಬ್ಬೆರಳಿದೆ. ಒತ್ತಿದ. ಮೇಲನ್ನು ‘ಓದಿಲ್ಲ’ ಎಂದು ಮಾಡಿ ಮೊಬೈಲನ್ನು ಎಂದಿನ ಜಾಗದಲ್ಲಿಟ್ಟ.

ಆಮೇಲಿನ ದಿನಗಳಲ್ಲಿ ಮಾಸ್ತರ ಹೊಟ್ಟೆತುಂಬ ಉಂಡ, ಕಣ್ತುಂಬ ನಿದ್ದೆ ಮಾಡಿದ. ಖಾತೆಯೊಳಗೆ ಇಣುಕುವುದೇ ಒಂದು ಚಟವಾಯಿತು. ‘ಸ್ಯಾಂಪಲ್ ಕೋಟನ್ನು ಗೊಂಬೆಗೆ ಹಾಕಿ ನೋಡಿದೆವು, ಅಚ್ಚುಕಟ್ಟಾಗಿ ಕೂತಿದೆ ಮಾಸ್ತರ್’ ಎಂದು ಮೇಡಂ ಬರೆದಿದ್ದಳು. ಕೈಯೇ ಇಲ್ಲದ ಗೊಂಬೆಗೆ ಕೂರದೆ ಏನು? ಕೆಲವೊಮ್ಮೆ ಪುಟ್ಟ ತಲೆ ಬಗ್ಗಿಸಿ ಕಾಜಾ ಹೊಲಿಯುತ್ತಿರುವುದನ್ನು ನೋಡಿದಾಗ ಮಾಸ್ತರನಿಗೆ ಒಳಗೆಲ್ಲೋ ಚುಚ್ಚುತ್ತಿತ್ತು. ಬಾಯಿಬಿಟ್ಟು ಒಂದು ಮಾತು ಹೇಳಿಬಿಡೋ, ಈಗಲೂ ಕಾಲ ಮಿಂಚಿಲ್ಲ ಎಂದುಕೊಳ್ಳುತ್ತಿದ್ದ. ಪುಟ್ಟ ಹೇಳಲಿಲ್ಲ. ಎರಡು ಸಾವಿರ ಕೋಟೂ ಹೊಲಿದು ಮುಗಿದವೆಂದು ಮೇಡಂ ಬರೆದ ದಿನ ಕಾಲ ಮಿಂಚಿತ್ತು.

ಮರುದಿನ ಮಧ್ಯಾಹ್ನ ಅಕ್ಕ ತಮ್ಮ ಇಬ್ಬರೂ ಒಂದು ಪೆಟ್ಟಿಗೆ ಹಿಡಿದುಕೊಂಡು ಅಂಗಡಿಗೆ ಬಂದರು. ಹೆಂಡತಿ ಒಳ್ಳೆಯ ಸೀರೆ ಉಟ್ಟಿದ್ದಳು. ಪುಟ್ಟ ಪೆಟ್ಟಿಗೆಯಿಂದ ನೀಲಿ ಕೋಟೊಂದನ್ನು ತೆಗೆದು, ಮಾಸ್ತರನ ಕಣ್ಣೆದುರು ಬಿಡಿಸಿ ಹಿಡಿದ.

“ಬೈಬೇಡಿ ಭಾವ. ಮೊದ್ಲೇ ಹೇಳಿದ್ರೆ ನೀವು ಒಪ್ತಾ ಇರ್ಲಿಲ್ಲ. ರೆಡಿಮೇಡ್ ಅಂದ್ರೆ ಉರಿದು ಬೀಳ್ತೀರಿ. ಕಾಲರಿನ ಪಟ್ಟಿ ಓದಿ.”

ಕಾಲರಿನ ಒಳಗೆ, ಕೋಟು ಕಳಚಿದಾಗಲೆಲ್ಲ ಕಣ್ಣಿಗೆ ಬೀಳುವ ಜಾಗದಲ್ಲಿ, ಮೇಲಕ್ಕೆತ್ತಿದ ಒಂದು ಕೈಯ ಚಿತ್ರವಿತ್ತು. ಅದರ ಕೆಳಗೆ ಮಾಸ್ತರನ ಪೂರ್ತಿ ಹೆಸರು, ಅವನ ಅಪ್ಪನ ಹೆಸರಿನ ಸಮೇತ.

“ಎರಡು ಸಾವಿರಕ್ಕೂ ಇದೇ ಪಟ್ಟಿ ರೀ,” ಎಂದಳು ಹೆಂಡತಿ, ಕಣ್ಣೊರೆಸಿಕೊಳ್ಳುತ್ತಾ. “ನಾಳೆ ಬೆಳಿಗ್ಗೆ ಪೊಲೀಸ್ರಿಗೆಲ್ಲ ಹಂಚ್ತಾರಂತೆ.”

“ಖಾತೆ… ನಿಂದಲ್ವೇನೋ?” ಮಾಸ್ತರ ಪಟ್ಟಿಯ ಹೆಸರಿನ ಮೇಲೆ ಬೆರಳಿಟ್ಟ.

“ಮೇಲ್ ನಿಮ್ದಾದ್ಮೇಲೆ ಖಾತೆ ನಂದು ಹೇಗಾಗುತ್ತೆ ಭಾವ? ನಾನು ಬರೀ ಕೋಟು ಹಾಕ್ಕೊಂಡು ಫೋಟೋಗೆ ನಿಂತೋನು,” ಎಂದು ಪುಟ್ಟ ನಕ್ಕ. “ಕೊನೇಲಿ ಖಾತೆದಾರರೇ ಒಪ್ಪಿಗೆ ಒತ್ಬೇಕಿತ್ತು, ಅಳತೇಲಿ ಏನೇ ತಪ್ಪು ಬಂದ್ರೂ ಕೋರ್ಟಲ್ಲಿ ಉತ್ತರ ಕೊಡೋನು ನಾನೇ ಅಂತ. ನಿಮ್ಮ ಮೊಬೈಲ್ ಹೇಗಪ್ಪಾ ಹಾರ್ಸೋದು ಅಂತ ನಾನು ಒದ್ದಾಡ್ತಿದ್ರೆ, ನೀವೇ ಒತ್ತಿ ಕೂತಿದ್ರಿ! ಅವತ್ತೇ ಅಕ್ಕಂಗೆ ಹೇಳ್ದೆ, ಭಾವಂಗೆ ಎಲ್ಲಾ ಗೊತ್ತು, ಒಳಗೊಳಗೇ ಖುಷಿಯಾಗಿ ನಮ್ಮ ಜೊತೆ ಆಟ ಆಡ್ತಿದ್ದಾರೆ ಅಂತ.” ಅವನು ಮಾಸ್ತರ ಬೇಡವೆನ್ನುವಷ್ಟರಲ್ಲಿ ಕೋಟನ್ನು ತೊಡಿಸಿಯೇಬಿಟ್ಟು, ಮೊಬೈಲನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಎರಡು ಹೆಜ್ಜೆ ಹಿಂದೆ ಸರಿದ. “ಎಲ್ಲಿ, ಪಟ್ಟಿಯಲ್ಲಿರೋ ಹಾಗೆ ಕೈ ಎತ್ತಿ ನೋಡೋಣ.” ಮಾಸ್ತರ ಎತ್ತಿದ. ಕೋಟು ಇಡಿಯಾಗಿ ಎದ್ದು ಕಾಲರು ಕಿವಿಗೆ ತಾಗಿತು, ಕೈ ಎದೆಯ ಮಟ್ಟಕ್ಕೆ ಬಂದು ನಿಂತಿತು. “ಇನ್ನೂ ಸ್ವಲ್ಪ ಮೇಲೆ, ಭಾವ,” ಎಂದ ಪುಟ್ಟ.