ಹನ್ನೆರಡನೇ ಹಾಸಿಗೆಯ ಸೂಪು

“ಉಪ್ಪು ಎರಡು ಗ್ರಾಂ. ಎಣ್ಣೆ ಒಂದು ಚಮಚ. ನಗು... ಊಟ ಆದ್ಮೇಲೆ ಅರ್ಧ, ಅದೂ ಡಾಕ್ಟರು ಬರೆದುಕೊಟ್ರೆ ಮಾತ್ರ.”

ಮೂಗಿನ ಮೇಲೆ ಇಲ್ಲದ ಕನ್ನಡಕವನ್ನು ಒಂದೇ ಬೆರಳಿನಿಂದ ಏರಿಸುತ್ತ ಅವಳು ಅಣಕಿಸಿ ಮುಗಿಸುವಷ್ಟರಲ್ಲಿ, ಮೂರನೇ ಮಹಡಿಯ ವಾರ್ಡಿನ ಬಾಗಿಲು ಕಾಯುವ ಆಯಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಮರುಕ್ಷಣ ಆ ನಗು ಸ್ವಿಚ್ ಆರಿಸಿದಂತೆ ನಿಂತಿತು.

“ನಗೋಕೆ ನಾನು ಅಳತೆ ಇಟ್ಟಿಲ್ಲ ಮೇಡಂ,” ಎಂದಿತು ಬೆನ್ನ ಹಿಂದೆ ಒಂದು ದನಿ. ಅದೇ ದನಿ. ಆದರೆ ಇದು ಅಸಲಿ. “ಬಚ್ಚಿಟ್ಟು ತರೋ ಫ್ಲಾಸ್ಕಿಗೆ ಇಟ್ಟಿದೀನಿ. ಆ ಶಾಲು ಸ್ವಲ್ಪ ಸರಿಸ್ತೀರಾ?”

ಅವಳು ತಿರುಗಿದಳು. ಬಿಳಿ ಕೋಟು, ಮೂಗಿನ ಮೇಲೆ ಕನ್ನಡಕ, ಜೇಬಿನಲ್ಲಿ ಮೂರು ಪೆನ್ನು, ಕಂಕುಳಲ್ಲಿ ಉದ್ದನೆಯ ಪುಸ್ತಕ. ವಾರ್ಡಿನ ಆಹಾರ ತಜ್ಞ. ಊಟದ ತಟ್ಟೆಗಳು ಹೋಗುವಾಗ ಒಮ್ಮೆ, ಮರಳಿ ಬರುವಾಗ ಒಮ್ಮೆ ತೂಗುವವನು. ಅವಳಿಟ್ಟ ಹೆಸರು ತಕ್ಕಡಿ. ಇಷ್ಟು ಹತ್ತಿರದಿಂದ ಅವನ ಕಣ್ಣು ನೋಡಿರಲಿಲ್ಲ. ನೋಡದಿದ್ದರೇ ಚೆನ್ನಾಗಿತ್ತು ಅನ್ನಿಸಿತು... ಬೈಯಲು ಸಿದ್ಧ ಮಾಡಿಕೊಂಡಿದ್ದ ಮಾತು ಅರ್ಧ ಮರೆತುಹೋಯಿತು.

ಉಳಿದ ಅರ್ಧವನ್ನೇ ಜೋರಾಗಿ ಹೇಳಿದಳು. ಹನ್ನೆರಡನೇ ಹಾಸಿಗೆಯ ತನ್ನ ದೊಡ್ಡಮ್ಮ ಆಪರೇಷನ್ ಆಗಿ ಐದು ದಿನವಾದರೂ ಏನೂ ತಿಂದಿಲ್ಲ. ನಿಮ್ಮ ಸಪ್ಪೆ ಕ್ಯಾರೆಟ್ ಮುದ್ದೆಯನ್ನು ಗೋಡೆಗೆ ಮೆತ್ತಿದರೆ ಗೋಡೆಯೂ ಮುಖ ತಿರುಗಿಸುತ್ತದೆ. ಗುರುವಾರ ಮಧ್ಯಾಹ್ನದೊಳಗೆ ತಿನ್ನದಿದ್ದರೆ ಮೂಗಿನಿಂದ ನಳಿಗೆ ಹಾಕುತ್ತೇವೆ ಎಂದಿದ್ದಾರೆ ಡಾಕ್ಟರು. ಇವತ್ತು ಆಗಲೇ ಮಂಗಳವಾರ.

“ಫ್ಲಾಸ್ಕಲ್ಲಿ ಏನಿದೆ?”

“ಸೂಪು. ಸಾಸೇಜು, ಆಲೂಗಡ್ಡೆ, ಕೇಲ್ ಸೊಪ್ಪು, ಕೆನೆ. ಮತ್ತೆ ನನ್ನ ಹಠ. ಅದನ್ನೂ ತೂಗ್ತೀರಾ?”

“ಸಾಸೇಜು ಅಂಗಡಿ ಪ್ಯಾಕೆಟ್ಟಿಂದಾ?”

“ಹೂಂ.”

“ಒಂದು ಪ್ಯಾಕೆಟ್ಟಲ್ಲಿ ಅವರ ಎರಡು ದಿನದ ಉಪ್ಪಿರುತ್ತೆ. ಅವರ ಹೃದಯ ಈಗಷ್ಟೇ ಹೊಲಿಗೆ ಹಾಕಿಸಿಕೊಂಡಿದೆ.” ಅವನು ಕೈ ಚಾಚಿದ. ದನಿ ಏರಿಸಲಿಲ್ಲ. ಅದೇ ಅವಳಿಗೆ ಹೆಚ್ಚು ಉರಿಸಿತು. “ಫ್ಲಾಸ್ಕು ಇಲ್ಲೇ ಇರಲಿ. ಐದು ಗಂಟೆಗೆ ಭೇಟಿ ಸಮಯ, ಆಗ ತಗೊಂಡ್ಹೋಗಿ.”

ಅವಳು ಫ್ಲಾಸ್ಕನ್ನು ಅವನ ಕೈಗೆ ಕೊಡಲಿಲ್ಲ, ಕುಕ್ಕಿದಳು.

*

ಅವಳು ರೈಲ್ವೆ ಸ್ಟೇಷನ್ನಿನ ಅನೌನ್ಸರ್. ಅವಳಿಗೂ ಮುಂಚೆ ಮೂವತ್ತು ವರ್ಷ ಅದೇ ಮೈಕಿನ ಮುಂದೆ ಕೂತಿದ್ದವಳು ದೊಡ್ಡಮ್ಮ. ರೈಲು ಮೂರು ಗಂಟೆ ತಡ ಎಂಬ ಸುದ್ದಿಯನ್ನೂ ಮದುವೆಗೆ ಕರೆಯುವ ಹಾಗೆ ಹೇಳುತ್ತಿದ್ದಳು. ತೀರಿಕೊಂಡ ತಂಗಿಯ ಮಗಳಾದ ಇವಳನ್ನು ಆ ಮೈಕಿನ ಮೇಜಿನ ಕೆಳಗೆ ಆಡಿಸಿಕೊಂಡೇ ಬೆಳೆಸಿದಳು. ಮಗು ಗಾರ್ಡಿನ ಹಾಗೆ ಕೆಮ್ಮುವುದು, ಸ್ಟೇಷನ್ ಮಾಸ್ಟರ್ ಹಾಗೆ ಗೊಣಗುವುದು ಕಲಿತದ್ದು ಅಲ್ಲೇ. ಹಾಗಾಗಿ ಗಿಣಿ ಎಂಬ ಹೆಸರು ಬಿತ್ತು.

ಸೂಪೂ ಅಲ್ಲಿಯದೇ. ಸ್ಟೇಷನ್ ಕ್ಯಾಂಟೀನಿನಲ್ಲಿ ಕೆಲವು ವರ್ಷವಿದ್ದ ಇಟಲಿಯ ಅಡುಗೆಯವನು ಕಲಿಸಿದ್ದ. ಪ್ರತಿ ಶನಿವಾರ ಮನೆಯಲ್ಲಿ ದೊಡ್ಡ ಪಾತ್ರೆ ಒಲೆಗೇರುತ್ತಿತ್ತು. ಜ್ವರಕ್ಕೂ ಅದೇ, ಪರೀಕ್ಷೆಗೂ ಅದೇ, ಗಿಣಿಯ ಮೊದಲ ಸಂಬಂಧ ಮುರಿದುಬಿದ್ದ ದಿನಕ್ಕೂ ಅದೇ.

ಆ ದಿನ ದೊಡ್ಡಮ್ಮ ಬಟ್ಟಲು ಮುಂದಿಟ್ಟು ಹೇಳಿದ್ದಳು, “ನಿಂಗೆ ಊರಿನ ಎಲ್ಲರ ದನಿ ಬರುತ್ತೆ ಕಣೇ. ನಿನ್ನದೊಂದು ಬಿಟ್ಟು. ನೋವಾದ್ರೂ ಬೇರೆಯೋರ ದನೀಲಿ ಅಳ್ತೀಯ.”

ಅಂಥ ದೊಡ್ಡಮ್ಮ ಈಗ ತುಟಿ ಬಿಗಿದು ಗೋಡೆ ನೋಡುತ್ತ ಮಲಗಿದ್ದಳು. ಇನ್ನೆರಡು ದಿನಕ್ಕೆ ಆ ಗಂಟಲಿಗೆ ನಳಿಗೆ ಹೋಗುವುದಿತ್ತು. ಮೂವತ್ತು ವರ್ಷ ಜನರನ್ನು ಊರೂರಿಗೆ ಕಳಿಸಿದ ಗಂಟಲು ಅದು!

*

ಅದೇ ಸಂಜೆ, ಐದಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಡ್ಯೂಟಿ ಮುಗಿಸಿ ಓಡಿ ಬಂದವಳು ವಾರ್ಡಿನ ಪ್ಯಾಂಟ್ರಿಯ ಅರೆತೆರೆದ ಬಾಗಿಲಲ್ಲಿ ನಿಂತುಬಿಟ್ಟಳು.

ತಕ್ಕಡಿಯ ಮೇಲೆ ಒಂದು ಬಟ್ಟಲು. ಬಟ್ಟಲಲ್ಲಿ ಹಸಿರು ಹಸಿರಾಗಿ ಅವಳದೇ ಕೇಲ್ ಸೊಪ್ಪು. ಅವನು ಬಗ್ಗಿ ಅಂಕಿ ನೋಡಿದ, ಪುಸ್ತಕದಲ್ಲಿ ಬರೆದ, ಬಟ್ಟಲನ್ನು ಎತ್ತಿ ಕಸದ ಬುಟ್ಟಿಗೆ ಬಗ್ಗಿಸಿದ. ಪಕ್ಕದಲ್ಲಿ ಅವಳ ಫ್ಲಾಸ್ಕು ತೊಳೆದು ಬೋರಲು ಹಾಕಿತ್ತು.

‘ತೂಗಿ ಎಸೆದ... ಎಸೆಯುವ ಮೊದಲು ತೂಗಿದ!’

ಒಳಗೆ ಹೋಗಿ ಕೇಳಬಹುದಿತ್ತು. ಆದರೆ ಸಿಟ್ಟು ಬಂದಾಗ ಕೇಳುವವಳಾಗಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಗಿಣಿ ಎರಡೆರಡು ಮೆಟ್ಟಿಲು ಹಾರುತ್ತ ಕೆಳಗಿಳಿದಳು. ರಿಸೆಪ್ಷನ್ನಿನ ಹುಡುಗಿಗೆ ಅವಳ ದನಿಯೆಂದರೆ ಪ್ರಾಣ. ಭೇಟಿ ಸಮಯದ ಘೋಷಣೆ ಇವತ್ತು ನಾನೇ ಮಾಡಲಾ ಎಂದರೆ ಮೈಕನ್ನು ಎರಡೂ ಕೈಯಲ್ಲಿ ಎತ್ತಿ ಕೊಟ್ಟಳು.

ಐದೂ ಮಹಡಿಗಳಲ್ಲಿ ಆಹಾರ ತಜ್ಞನ ದನಿ ಮೊಳಗಿತು.

“ಎಲ್ಲರ ಗಮನಕ್ಕೆ. ನಾನು ಮೂರನೇ ಮಹಡಿಯ ಆಹಾರ ತಜ್ಞ. ನೀವು ಪ್ರೀತಿಯಿಂದ ತರುವ ಸೂಪನ್ನು ನಾನು ಮೊದಲು ತೂಗುತ್ತೇನೆ, ಆಮೇಲೆ ಕಸದ ಬುಟ್ಟಿಗೆ ಹಾಕುತ್ತೇನೆ. ಪ್ರೀತಿ ಎಷ್ಟು ಗ್ರಾಂ ಇತ್ತೆಂದು ಪುಸ್ತಕದಲ್ಲಿ ಬರೆದಿಡುತ್ತೇನೆ. ಧನ್ಯವಾದ.”

ಕಾಯುತ್ತಿದ್ದ ಜನ ಗೊಳ್ಳೆಂದು ನಕ್ಕರು. ಯಾರೋ ಚಪ್ಪಾಳೆಯನ್ನೂ ಹೊಡೆದರು. ಗಿಣಿ ತಲೆಯೆತ್ತಿ ನೋಡಿದರೆ ಮೆಟ್ಟಿಲ ತುದಿಯಲ್ಲಿ ಅವನು.

ಅವನು ಬೈಯಲಿಲ್ಲ. ಇಳಿದು ಬಂದು ಪುಸ್ತಕ ತೆರೆದು ಅವಳ ಮುಂದಿಟ್ಟ. ಹನ್ನೆರಡನೇ ಹಾಸಿಗೆಯ ಸಾಲಿನಲ್ಲಿ, ಗುಂಡಗಿನ ಅಕ್ಷರಗಳಲ್ಲಿ ಹೀಗಿತ್ತು:

‘ಮನೆಯ ಸೂಪು. ಸಾಸೇಜು ತೆಗೆದು, ಅರ್ಧ ನೀರು ಬಸಿದು, ಉಪ್ಪಿಲ್ಲದ ಆಲೂಗಡ್ಡೆ ಮಸೆದು ಬೆರೆಸಿದೆ. ಹತ್ತು ಚಮಚ ತಿಂದರು. ಚಮಚ ತಾವೇ ಹಿಡಿದರು, ಐದು ದಿನದಲ್ಲಿ ಮೊದಲ ಸಲ. ಸೊಪ್ಪಿನ ದಂಟನ್ನೆಲ್ಲ ಬಟ್ಟಲಲ್ಲೇ ಬಿಟ್ಟಿದ್ದಾರೆ. ನುಂಗಲು ಕಷ್ಟ.’

ಅವಳ ಕಿವಿಯವರೆಗೂ ಬಿಸಿಯೇರಿತು. ತಾನು ಕಂಡದ್ದು ಆ ದಂಟುಗಳು...

“ಕೇಳಬಹುದಿತ್ತು,” ಎಂದ ಅವನು. ಅಷ್ಟೇ.

*

ಮೈಕಿಗೆ ಸಿಕ್ಕಿದ ಮಾತು ಸೂಪರಿಂಟೆಂಡೆಂಟ್ ಮೇಡಂ ಕಿವಿಗೆ ಬೀಳದಿರುತ್ತದೆಯೇ? ಬುಧವಾರ ಬೆಳಗ್ಗೆಯೇ ಇಬ್ಬರನ್ನೂ ಕರೆಸಿ, ಅವನ ಪುಸ್ತಕ ತರಿಸಿ ಓದಿದರು. ಲಿಖಿತ ಅನುಮತಿಯಿಲ್ಲದೆ ಹೊರಗಿನ ಆಹಾರ ಕೊಟ್ಟದ್ದಕ್ಕೆ ಆಹಾರ ತಜ್ಞನಿಗೆ ನೋಟಿಸು. ಇನ್ನು ಮುಂದೆ ಆಸ್ಪತ್ರೆಯ ಮೈಕು ಮುಟ್ಟಕೂಡದೆಂದು ಗಿಣಿಗೆ ತಾಕೀತು. ನಳಿಗೆಯ ವಿಷಯದಲ್ಲಿ ಬದಲಾವಣೆಯಿಲ್ಲ: ಗುರುವಾರ ಮಧ್ಯಾಹ್ನ ಒಂದು ಗಂಟೆ.

ಗಿಣಿ ಕ್ಷಮೆ ಕೇಳಲು ಬಾಯಿ ತೆರೆದಳು. ಬಂದದ್ದು ಅವಳ ದನಿಯಲ್ಲ, ಸ್ಟೇಷನ್ನಿನ ದನಿ: “ಅಡಚಣೆಗಾಗಿ ವಿಷಾದಿಸುತ್ತೇವೆ.” ನಾಲಿಗೆ ಕಚ್ಚಿಕೊಂಡಳು. ಅವನು ಅವಳತ್ತ ನೋಡಲೂ ಇಲ್ಲ.

ಆದರೆ ಬಾಗಿಲವರೆಗೆ ಹೋದವನು ತಿರುಗಿ ನಿಂತ. “ಮೇಡಂ, ನಳಿಗೆ ಹಾಕೋಕ್ಮುಂಚೆ ಒಂದೇ ಒಂದು ಊಟ. ಅದೇ ಸೂಪು, ಉಪ್ಪಿಲ್ದೆ. ಪ್ರತಿಯೊಂದನ್ನೂ ನಾನೇ ನಿಂತು ತೂಗಿ ಹಾಕಿಸ್ತೀನಿ. ಸಹಿ ನಂದು.”

“ಏನಾದರೂ ಹೆಚ್ಚುಕಮ್ಮಿ ಆದ್ರೆ ಕೆಲಸ ಹೋಗುತ್ತೆ ಕಣಪ್ಪ.”

“ತಿನ್ನದೇ ಇರೋರ ತಟ್ಟೆ ತೂಗೋ ಕೆಲಸ ತಾನೇ ಮೇಡಂ, ಹೋಗ್ಲಿ ಬಿಡಿ.”

ಗಿಣಿ ಅವನನ್ನೇ ನೋಡಿದಳು. ಇಷ್ಟು ಮೆಲ್ಲಗೆ ಮಾತಾಡುತ್ತಲೇ ಇಷ್ಟು ಜೋರಾಗಿ ಎದುರುತ್ತರ ಕೊಡಬಹುದೆಂದು ಅವಳಿಗೆ ಗೊತ್ತಿರಲಿಲ್ಲ. ಈ ದನಿಯನ್ನು ಅಣಕಿಸಲು ತನ್ನಿಂದಾಗದು ಅನ್ನಿಸಿತು.

*

ಮೇಡಂ ಕಡೆಗೂ ಒಪ್ಪಿದ್ದರು. ಗುರುವಾರ ಬೆಳಗ್ಗೆ ಎಂಟಕ್ಕೆ ಅವಳ ಮನೆಯ ಬೆಲ್ಲು ಸದ್ದು ಮಾಡಿತು. ಒಂದು ಕೈಯಲ್ಲಿ ತಕ್ಕಡಿ, ಇನ್ನೊಂದರಲ್ಲಿ ಕೊಚ್ಚಿದ ಹಂದಿಮಾಂಸದ ಪೊಟ್ಟಣ. ಬಿಳಿ ಕೋಟಿಲ್ಲದೆ ಅವನು ಬೇರೆ ಯಾರೋ ಅನ್ನಿಸಿದ. ಕ್ಷಮೆಯ ಮಾತು ತುಟಿಯವರೆಗೆ ಬಂತು. ಆದರೆ ಅವನು ಆಗಲೇ ಅಡುಗೆಮನೆ ಎಲ್ಲಿ ಎಂದು ಕೇಳುತ್ತಿದ್ದ.

ಸಾಸೇಜನ್ನು ನಾವೇ ಮಾಡೋಣ ಎಂದ. ಸೋಂಪು ಹುರಿದು ಜಜ್ಜಿಸಿದ. ಬೆಳ್ಳುಳ್ಳಿ, ಒಣಮೆಣಸಿನಕಾಯಿ ತರಿ, ಕಾಳುಮೆಣಸು, ಒಂದು ಚಮಚ ವಿನೆಗರ್. ಎಲ್ಲವನ್ನೂ ಮಾಂಸಕ್ಕೆ ಕಲೆಸಿ ಇಟ್ಟಾಗ ಗಿಣಿ ಮೂಸಿ ನೋಡಿ ಬೆರಗಾದಳು. ಥೇಟ್ ಶನಿವಾರದ ವಾಸನೆ! ಸಾಸೇಜಿನ ಪರಿಮಳವೆಲ್ಲ ಸೋಂಪಿನದು, ಉಪ್ಪು ಸುಮ್ಮನೆ ಹೆಸರು ಮಾಡಿಕೊಂಡಿದೆ ಎಂದ ಅವನು.

ಮಾಂಸ ಕಂದು ಬಣ್ಣಕ್ಕೆ ತಿರುಗಿ ಪಾತ್ರೆಯ ತಳ ಹಿಡಿಯತೊಡಗಿತು. ಈರುಳ್ಳಿ ಬಿತ್ತು, ಹೋಳು ಮಾಡಿದ ಆಲೂಗಡ್ಡೆ ಬಿತ್ತು, ನೀರು ಬಿತ್ತು. ತಳ ಕೆರೆದು ತಿರುಗಿಸುತ್ತಿದ್ದ ಗಿಣಿಯ ಎಡಗೈ ಅಭ್ಯಾಸಬಲದಿಂದ ಉಪ್ಪಿನ ಡಬ್ಬಿಗೆ ಹೋಯಿತು. ಚಿಟಿಕೆಯೆತ್ತಿ ಪಾತ್ರೆಯ ಮೇಲೆ ತಂದೂ ಬಿಟ್ಟಳು.

ಅವನು ಮಣಿಕಟ್ಟು ಹಿಡಿದ.

ಆವಿ ಇಬ್ಬರ ಮುಖಕ್ಕೂ ಬಡಿಯುತ್ತಿತ್ತು. ಬಿಡಬೇಕಾದವನು ಬಿಡಲಿಲ್ಲ. ಬಿಡಿಸಿಕೊಳ್ಳಬೇಕಾದವಳೂ ಬಿಡಿಸಿಕೊಳ್ಳಲಿಲ್ಲ.

“ಇದೊಂದು ಚಿಟಿಕೆಗೆ ನನ್ನ ಸಹಿ ಸುಳ್ಳಾಗುತ್ತೆ,” ಎಂದ ಅವನು, ಮೆಲ್ಲಗೆ.

ಅವಳು ಬೆರಳು ಬಿಡಿಸಿ ಉಪ್ಪನ್ನು ಡಬ್ಬಿಗೆ ಉದುರಿಸಿ, ಡಬ್ಬಿಯನ್ನೇ ಅಟ್ಟದ ಮೇಲಿಟ್ಟು ಬಂದಳು.

ಆಮೇಲೆ ಮೇಜಿನ ಎರಡು ಬದಿಗೆ ಕೂತು ಕೇಲ್ ಸೊಪ್ಪಿನ ಎಲೆಯನ್ನು ದಂಟಿನಿಂದ ಹರಿದರು. ಬಿಟ್ಟ ಊಟವನ್ನು ತೂಗುವ ಹುಚ್ಚು ಯಾಕೆ ಹಿಡಿಯಿತೆಂದು ಅವಳು ಕೇಳಿದಳು. ಅವನ ಅಮ್ಮ ಬೇರೊಂದು ಆಸ್ಪತ್ರೆಯಲ್ಲಿ ಮೂರು ವಾರ ಇದ್ದರಂತೆ. ತಟ್ಟೆಗಳು ತುಂಬಿದ ಹಾಗೇ ವಾಪಸ್ ಹೋಗುತ್ತಿದ್ದವಂತೆ, ಚಾರ್ಟಿನಲ್ಲಿ ಮಾತ್ರ ದಿನವೂ ‘ಚೆನ್ನಾಗಿ ಊಟ ಮಾಡಿದರು’.

“ಯಾರೂ ತಟ್ಟೆ ನೋಡ್ಲಿಲ್ಲ ರೀ,” ಎಂದ. “ಬಾಯಲ್ಲಿ ಹೇಳೋಕಾಗದೇ ಇರೋದನ್ನ ಜನ ತಟ್ಟೇಲಿ ಬಿಟ್ಟಿರ್ತಾರೆ. ನಾನು ಅದನ್ನ ಓದ್ತೀನಿ, ಅಷ್ಟೇ.”

ಗಿಣಿಯ ಕೈಯಲ್ಲಿದ್ದ ಎಲೆ ಅಲ್ಲೇ ನಿಂತಿತು. ‘ಇಂಥವನನ್ನು ಊರಿಗೆಲ್ಲ ಕೇಳಿಸುವ ಹಾಗೆ ಆಡಿಕೊಂಡೆನಲ್ಲ...’

ಆಲೂಗಡ್ಡೆಯಲ್ಲಿ ಅರ್ಧವನ್ನು ಪಾತ್ರೆಯ ಬದಿಗೊತ್ತಿ ಮಸೆದರು, ಸೂಪು ಮಂದವಾಯಿತು. ಎಲೆಗಳು ಮುಳುಗಿ ಮೆತ್ತಗಾದವು. ಒಲೆ ಆರಿಸಿದ ಮೇಲೆ ಕೆನೆ ಬಿತ್ತು. ಕುದಿಯುವಾಗ ಹಾಕಿದರೆ ಒಡೆಯುತ್ತದೆ, ಸ್ವಲ್ಪ ಆರಲಿ ಎಂದವಳು ಅವಳು. ಅವನು ಅದನ್ನೂ ಪುಸ್ತಕದಲ್ಲಿ ಬರೆದುಕೊಂಡ.

*

ಹನ್ನೆರಡೂ ನಲವತ್ತು. ನಳಿಗೆಯ ಟ್ರಾಲಿ ಆಗಲೇ ಹಾಸಿಗೆಯ ಪಕ್ಕ ಬಂದು ನಿಂತಿತ್ತು. ಕೈಕಟ್ಟಿ ನಿಂತ ಸೂಪರಿಂಟೆಂಡೆಂಟ್ ಮೇಡಂ ಗಡಿಯಾರ ನೋಡುತ್ತಿದ್ದರು.

ಮುಚ್ಚಳ ತೆಗೆದಾಗ ದೊಡ್ಡಮ್ಮನ ಮುಖ ಗೋಡೆಯ ಕಡೆಯಿಂದ ನಿಧಾನಕ್ಕೆ ಈಚೆ ತಿರುಗಿತು. ಚಮಚ ಹಿಡಿದಳು. ಒಂದು. ಎರಡು. ಮೂರನೆಯದಕ್ಕೆ ಕೈ ನಿಂತಿತು.

“ಉಪ್ಪಿಲ್ಲ,” ಎಂದಳು ದೊಡ್ಡಮ್ಮ.

ಟ್ರಾಲಿಯ ಬಳಿಯಿದ್ದ ನರ್ಸು ಕೈಗವಸು ಎಳೆದುಕೊಂಡಳು.

“ದಂಟೂ ಇಲ್ಲ.” ದೊಡ್ಡಮ್ಮ ಅವರಿಬ್ಬರನ್ನೂ ಒಬ್ಬರಾದ ಮೇಲೊಬ್ಬರಂತೆ ನೋಡಿದಳು. “ಯಾರೋ ಕೂತು ಬಿಡಿಸಿದ್ದಾರೆ.”

ಚಮಚ ಮತ್ತೆ ಬಾಯಿಗೆ ಹೋಯಿತು. ಒಂದಕ್ಕೆ ಇನ್ನೂ ಎರಡು ನಿಮಿಷವಿರುವಾಗ ಬಟ್ಟಲಿನ ತಳ ಕಂಡಿತು. ದೊಡ್ಡಮ್ಮ ಗಂಟಲು ಸರಿಮಾಡಿಕೊಂಡಳು. ಒಡೆದಿತ್ತು ದನಿ, ಆದರೂ ಅದೇ ಮೂವತ್ತು ವರ್ಷದ ದನಿ. “ಪ್ರಯಾಣಿಕರ ಗಮನಕ್ಕೆ. ಹನ್ನೆರಡನೇ ಹಾಸಿಗೆಗೆ ಬಂದಿರುವ ಟ್ರಾಲಿ, ಬಂದ ದಾರಿಯಲ್ಲೇ ಹಿಂದಿರುಗಲಿದೆ.”

ಸೂಪರಿಂಟೆಂಡೆಂಟ್ ಮೇಡಂ ಕೆಮ್ಮಿದಂತೆ ಮಾಡಿ ನಗು ನುಂಗಿದರು. ಟ್ರಾಲಿ ಹಿಂದಿರುಗಿತು. ನೋಟಿಸಿನ ಮಾತು ಮತ್ತೆ ಯಾರೂ ಎತ್ತಲಿಲ್ಲ.

*

ಅದೇ ಸಂಜೆ, ಐದಕ್ಕೆ ಐದು ನಿಮಿಷ. ಮುಟ್ಟಕೂಡದೆಂದಿದ್ದ ಮೈಕನ್ನು ಗಿಣಿ ಮುಟ್ಟಿದಳು. ರಿಸೆಪ್ಷನ್ನಿನ ಹುಡುಗಿ ಬೇಡ ಅಕ್ಕಾ ಎಂದು ಕೈ ಮುಗಿದರೂ ಕೇಳಲಿಲ್ಲ.

ಯಾರ ದನಿ ಎಂದು ಮೊದಲಿಗೆ ಯಾರಿಗೂ ತಿಳಿಯಲಿಲ್ಲ. ಸಣ್ಣದಾಗಿತ್ತು, ಅಲ್ಲಲ್ಲಿ ನಡುಗುತ್ತಿತ್ತು.

“ಮಂಗಳವಾರ ಇಲ್ಲಿಂದ ಒಂದು ಸುಳ್ಳು ಹೇಳಿದ್ದೆ. ಆಹಾರ ತಜ್ಞರು ಯಾರ ಸೂಪನ್ನೂ ಎಸೆದಿರಲಿಲ್ಲ. ನಮ್ಮ ದೊಡ್ಡಮ್ಮ ಇವತ್ತು ಬಟ್ಟಲು ಖಾಲಿ ಮಾಡಿದ್ದು ಅವರಿಂದ. ಅವರು ನನ್ನನ್ನ ಕ್ಷಮಿಸಬೇಕು. ಕ್ಷಮಿಸದಿದ್ದರೆ... ನಾಳೆನೂ ಬಂದು ಇದೇ ಹೇಳ್ತೀನಿ.”

ಮೈಕು ಆರಿಸಿ ತಿರುಗಿದರೆ ಮೆಟ್ಟಿಲ ತುದಿಯಲ್ಲಿ ಅವನು. ಕಂಕುಳಲ್ಲಿ ಪುಸ್ತಕ.

“ಇದು ಯಾರ ದನಿ?” ಎಂದ, ಹತ್ತಿರ ಬಂದು.

“ನಂದೇ. ಚೆನ್ನಾಗಿಲ್ಲ ಅಂತ ಗೊತ್ತು.”

“ಅದನ್ನ ನಾನು ಹೇಳ್ಬೇಕು.” ಅವನು ಪುಸ್ತಕ ತೆರೆದು ತೋರಿಸಿದ. ಹನ್ನೆರಡನೇ ಹಾಸಿಗೆ, ಗುರುವಾರ ಮಧ್ಯಾಹ್ನ. ಉಳಿದದ್ದು: ಏನೂ ಇಲ್ಲ.

ಅವಳಿಗೆ ಅಕ್ಷರಗಳು ಮಂಜಾದವು. “ನಾಡಿದ್ದು ಶನಿವಾರ,” ಎಂದಳು. “ಮನೇಲಿ ಸೂಪು ಮಾಡ್ತೀನಿ. ಬರ್ತೀರಾ? ತೂಗೋಕಲ್ಲ.”

“ಮತ್ಯಾಕೆ?”

ಗಿಣಿಗೆ ನೂರು ದನಿ ನೆನಪಾದವು. ಗಾರ್ಡು, ಸ್ಟೇಷನ್ ಮಾಸ್ಟರ್, ಆಯಮ್ಮ... ಯಾವುದನ್ನೂ ಎತ್ತಿಕೊಳ್ಳಲಿಲ್ಲ.

“ನೀವಂದ್ರೆ ನಂಗಿಷ್ಟ. ಅದಕ್ಕೆ.”

ಅವನು ಜೇಬಿನ ಮೂರು ಪೆನ್ನುಗಳಲ್ಲಿ ಒಂದನ್ನು ತೆಗೆದ. “ಇನ್ನೊಂದ್ಸಲ ಹೇಳಿ. ಬರ್ಕೋಬೇಕು.”

“ಎಷ್ಟು ಗ್ರಾಂ ಅಂತ ಬರ್ಕೋತೀರಿ?”

“ಗ್ರಾಂ ಬರೆಯಲ್ಲ,” ಎಂದ ಅವನು. “ಒಂದು ಚೂರೂ ಬಿಟ್ಟಿಲ್ಲ ಅಂತ ಬರ್ಕೋತೀನಿ.”