ಬೆಳಗಾವಿ ದೂರ, ವಿರಾರ ಹತ್ತಿರ

"ದೂರ ಅಂದ್ರ ದೂರನ," ಎಂದರು ಅಬ್ಬಾ, ಮುಂಬೈಯ ನಮ್ಮ ಮನೆಯಲ್ಲಿ ನನ್ನ ಮದುವೆಯ ಮಾತೆತ್ತಿ. "ಬೆಳಗಾವಿ ಐನೂರು ಕಿಲೋಮೀಟರ್ ಐತಿ. ನನಗ ಎದಿನೋವು ಬಂದ್ರ ನೀ ಬರೂದರಾಗ ಎಲ್ಲಾ ಮುಗದಿರತೈತಿ. ವಿರಾರದ ಹುಡುಗ ಇಲ್ಲೇ ಮುಂಬೈ ಬಾಜೂಕ ಅದಾನ. ನಿಮ್ಮಕ್ಕ ಚಾಂದಬಿನೂ ಅಲ್ಲೇ ಅದಾಳ."

ಅಮ್ಮಿ ಹೋದ ಮೇಲೆ ಅಬ್ಬಾಗೆ ಇದ್ದ ಭಯ ಇದೊಂದೇ. ಆದರೆ ನನಗೆ ತನ್ವೀರನೇ ಬೇಕು. ಅವನಿಗೆ ಬೆಳಗಾವಿ ವಿಮಾನ ನಿಲ್ದಾಣದಲ್ಲಿ ಕೆಲಸ. ಹೋದ ವರ್ಷ ಅಲ್ಲಿ ನನ್ನ ಬ್ಯಾಗ್ ತೂಕ ಹೆಚ್ಚಾಯಿತೆಂದು ತೆಗೆಸಿ, ಕುಂದಾ ಡಬ್ಬಿಗಳನ್ನು ನೋಡಿ, "ಇಷ್ಟ್ ಸಿಹಿ ತಿಂದೂ ಇಷ್ಟ್ ಸಿಟ್ಟೇನ್ರಿ ಶಾಹೀನ ಅವರ?" ಎಂದು ಕಣ್ಣಲ್ಲೇ ನಕ್ಕವನು. ಜಗಳಕ್ಕೆ ನಿಂತ ನಾನೂ ನಕ್ಕುಬಿಟ್ಟೆ.

ಮುಂಬೈಯಲ್ಲಿ ಯಾರೂ ದೂರವನ್ನು ಕಿಲೋಮೀಟರಿನಲ್ಲಿ ಹೇಳುವುದಿಲ್ಲ, ಗಂಟೆಯಲ್ಲಿ ಹೇಳುತ್ತಾರೆ. ನಾನು ಪಂದ್ಯ ಕಟ್ಟಿದೆ.

"ಭಾನುವಾರ ಹತ್ತಕ್ಕ ನೀವು ಇಲ್ಲಿ ಧಾರಾವಿಯಿಂದ ಲೋಕಲ್ ರೈಲಿನಾಗ ವಿರಾರಕ್ಕ, ಅಕ್ಕನ ಮನಿಗೆ ಹೊರಡ್ರಿ ಅಬ್ಬಾ. ಅದೇ ಹೊತ್ತಿಗೆ ತನ್ವೀರ ಬೆಳಗಾವಿಯಿಂದ ನಮ್ಮ ಮನಿಗೆ ಹೊರಡತಾನ. ಅವ ಮೊದಲ ಮುಟ್ಟಿದ್ರ ಅವನ ಜೋಡಿ ನಿಕಾಹ್. ನೀವು ಮೊದಲ ಮುಟ್ಟಿದ್ರ ವಿರಾರದ ಹುಡುಗಗ ಹೂಂ ಅಂತೀನಿ."

ಅಬ್ಬಾ ಗಡ್ಡ ಸವರಿಕೊಂಡರು. "ಆಗಲಿ."

ತನ್ವೀರನಿಗೆ ಫೋನ್ ಮಾಡಿ ಪಂದ್ಯದ ವಿಷಯ ಹೇಳಿದೆ. "ಹುಚ್ಚೀ, ವಿಮಾನ ಲೇಟಾದ್ರ?"

"ವಿರಾರಕ್ಕ ನನ್ನ ಮದುವಿ ಊಟಕ್ಕ ಬಾ."

"ಬಾಯಿ ಮುಚ್ಚು. ಬರತೀನಿ."

ಭಾನುವಾರ ಹತ್ತೂ ಐವತ್ತಕ್ಕೆ ಅವನ ಮೆಸೇಜು: "ವಿಮಾನದ ಬಾಗಲಾ ಹಾಕಿದ್ರು." ಆಮೇಲೆ ಫೋನ್ ಬಂದ್. ಹಾರಾಟ ಬರೀ ಒಂದು ಗಂಟೆ ಹತ್ತು ನಿಮಿಷ. ಅಷ್ಟರಲ್ಲಿ ನಾನು ಮನೆಯನ್ನು ಮೂರು ಸಲ ಗುಡಿಸಿದೆ. ಅವನು ಸೋತರೆ ಬದುಕುವುದು ಹೇಗೆಂದು ಯೋಚಿಸಿರಲೇ ಇಲ್ಲ.

ಹನ್ನೆರಡೂ ನಲವತ್ತಕ್ಕೆ ಗಲ್ಲಿಯಲ್ಲಿ ಗದ್ದಲ. ರಿಕ್ಷಾ ಬಿಟ್ಟು ಓಡಿ ಬರುತ್ತಿದ್ದ ತನ್ವೀರ. ಅಕ್ಕಪಕ್ಕದವರೆಲ್ಲ ಬಾಗಿಲಲ್ಲಿ ನಿಂತು ಚಪ್ಪಾಳೆ ಹೊಡೆಯುತ್ತಿದ್ದರು. ಏದುಸಿರು ಬಿಡುತ್ತ ಕುಂದಾ ಡಬ್ಬಿಯನ್ನು ನನ್ನ ಕೈಗಿಟ್ಟು, ಅದೇ ಹಳೇ ನೋಟ ಬೀರಿದ.

"ತೂಕ ನೋಡ್ರಿ ಮೇಡಂ. ಹೆಚ್ಚಾತೇನು?"

ನನಗೆ ಅಳು ಬಂತು. ನಗುವೂ ಬಂತು. ಅಬ್ಬಾಗೆ ವಿಡಿಯೋ ಕಾಲ್ ಮಾಡಿದೆ. ಲೋಕಲ್‌ನ ನೂಕುನುಗ್ಗಲಿನಲ್ಲಿ ಅವರ ಅರ್ಧ ಮುಖ ಕಂಡಿತು.

"ವಿರಾರಕ್ಕ ಇನ್ನೂ ಒಂದ ಸ್ಟೇಷನ್ ಐತಿ, ನಾಲಾಸೋಪಾರಾದಾಗ ನಿಂತೀನಿ," ಎಂದರು. ಪರದೆಯಲ್ಲಿ ತನ್ವೀರನನ್ನು ಕಂಡು ಫೋನನ್ನು ಕಣ್ಣಿನ ಹತ್ತಿರ ತಂದರು. ಆಮೇಲೆ, "ಹಳಿ ರಿಪೇರಿ, ಮೆಗಾಬ್ಲಾಕ್. ಭಾನುವಾರ ಗಾಡಿ ತಡಾ ಆಗತಾವಂತ ನಿನಗ ಗೊತ್ತಿತ್ತು, ಹೌದಿಲ್ಲೋ?"

"ಗೊತ್ತಿತ್ತು. ಆದ್ರ ಎದಿನೋವು ಭಾನುವಾರ ಬರಂಗಿಲ್ಲೇನು ಅಬ್ಬಾ?"

ಅಬ್ಬಾ ನಕ್ಕ ಜೋರಿಗೆ ಬೋಗಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

"ನಾ ತಿರುಗಿ ಬರೂದರಾಗ ಅವ ಬೆಳಗಾವಿನೇ ಮುಟ್ಟಿಬಿಡತಾನ. ಅಳಿಯಾನ್ನ ಗಟ್ಟಿ ಹಿಡದು ಕೂಡಸು!"

ತನ್ವೀರನ ಕೈ ಹಿಡಿದು ಕೂಡಿಸಿದೆ. ಅಬ್ಬಾನ ಮಾತನ್ನು ಇಷ್ಟು ಚೆನ್ನಾಗಿ ನಾನು ಎಂದೂ ಕೇಳಿದವಳಲ್ಲ.